ಸಾಕಪ್ಪ ಈ ಅಳಿಲು ಸೇವೆ!

ಅಟ್ಟದಲ್ಲಿ ಕರಕರ ಸದ್ದು. ಇಲಿ ಅಂದುಕೊಂಡು ರಾತ್ರಿ ಬೋನಿಡುವುದು, ಬೆಳಿಗ್ಗೆ ಎತ್ತಿಡುವುದು, ಹೀಗೆ ಹತ್ತು ದಿನ ಕೊಬ್ಬರಿ ದಂಡ. ಆಮೇಲೆ ಹೊಳೆಯಿತು: ಸದ್ದು ಶುರುವಾಗುವುದೇ ನಾವು ಬೆಳಗಿನ ಕಾಫಿ ಕುಡಿಯುವಾಗ, ಸಂಜೆ ದೀಪ ಹಚ್ಚಿದರೆ ಬಂದ್. ಇಲಿಯದ್ದು ರಾತ್ರಿ ಪಾಳಿ, ಅಳಿಲಿನದ್ದು ಹಗಲು ಪಾಳಿ.

ಹೆಂಚು ಸರಿಸಿ ಇಣುಕಿದರೆ ದಿಂಬಿನ ಹತ್ತಿ, ತೆಂಗಿನ ನಾರು, ನಾನು ಎರಡು ವಾರದಿಂದ ಹುಡುಕುತ್ತಿದ್ದ ಕಾಲುಚೀಲದ ಅರ್ಧ, ಎಲ್ಲ ಸೇರಿ ಚೆಂಡಿನಂಥ ಗೂಡು. ಒಳಗೆ ಕಣ್ಣು ಬಿಡದ ಮೂರು ಮರಿ. ಪಕ್ಕದಲ್ಲೇ ಸಿಪ್ಪೆ ಸುಲಿದ ವೈರು, ತಾಮ್ರ ಫಳಫಳ! ಇವುಗಳ ಮುಂಬಲ್ಲು ಬೆಳೆಯುತ್ತಲೇ ಇರುತ್ತದೆ, ಏನಾದರೂ ಕಡಿದು ಸವೆಸಬೇಕು, ಒಪ್ಪಿದೆ. ತೋಟದ ತುಂಬ ಸಿಲ್ವರ್ ಓಕ್ ಇಲ್ಲವೇ? ಕೆಂದಳಿಲು ನೋಡಿ, ಮರದ ತುದಿಯಲ್ಲಿ ತನ್ನ ಪಾಡಿಗಿರುತ್ತದೆ. ಈ ಗೆರೆಯದ್ದಕ್ಕೇ ಮನೆಯೊಳಗಿನ ಹಂಬಲ.

ಮರಿಯಿರುವಾಗ ಕಿಂಡಿ ಮುಚ್ಚುವ ಹಾಗಿಲ್ಲ. ಒಳಗೇ ಸತ್ತು ನಾರುತ್ತವೆ, ಪಾಪವೂ ಹೌದು. ಅವು ಹೊರಬಿದ್ದ ಮೇಲೆ ಕಬ್ಬಿಣದ ಜಾಲರಿ ಬಡಿಸಬೇಕು, ಸೂರಿಗೆ ತಾಗುವ ಹಲಸಿನ ಕೊಂಬೆ ಕಡಿಸಬೇಕು. ಕಾಫಿ ಕೊಯ್ಲಿನ ಹೊತ್ತಲ್ಲಿ ಆಳು ಎಲ್ಲಿಂದ ತರಲಿ?

ಇಷ್ಟರಲ್ಲಿ ನಮ್ಮತ್ತೆ, "ರಾಮ ಬೆನ್ನು ಸವರಿದ ಜೀವ, ಬೈಬೇಡ" ಅಂತ ಕಡಂಬಟ್ಟು ಕಡುಬಿಗೆ ಇಟ್ಟಿದ್ದ ಅಕ್ಕಿ ತರಿಯನ್ನು ದಿನಾ ಒಂದು ಹಿಡಿ ಜಗಲಿಗೆ ಚೆಲ್ಲುತ್ತಿದ್ದಾರೆ. ಸರಿಯಾಗಿ ಆ ಕಿಂಡಿಯ ಕೆಳಗೆ.