ಸತ್ಯಾಂಶ: ಉಭಯಲಿಂಗಾಸಕ್ತಿ ಮನೋರೋಗವಲ್ಲ, ಮದುವೆ ಅದಕ್ಕೆ ಮದ್ದೂ ಅಲ್ಲ

ಮಂಗಳೂರು, ಉಡುಪಿ ಕಡೆಯ ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಸಂದೇಶವೊಂದು ಆಗಾಗ ಸುತ್ತಿ ಬರುತ್ತದೆ. ಗಂಡು, ಹೆಣ್ಣು ಇಬ್ಬರ ಕಡೆಗೂ ಆಕರ್ಷಣೆ ಇರುವುದು ಮಾನಸಿಕ ಕಾಯಿಲೆ, ಬೇಗ ಮದುವೆ ಮಾಡಿದರೆ ವಾಸಿಯಾಗುತ್ತದೆ ಎಂಬುದು ಅದರ ಸಾರ. ಮಕ್ಕಳ ಮೇಲಿನ ಕಾಳಜಿಯಿಂದಲೇ ಹಲವರು ಇದನ್ನು ಕಳುಹಿಸುತ್ತಾರೆ. ಆದರೂ ಎರಡು ಮಾತೂ ತಪ್ಪು.

ಸಂದೇಶಕ್ಕೆ ಬಲ ಬರುವುದು ಅದರೊಳಗಿನ ಅರ್ಧಸತ್ಯದಿಂದ. ಉಭಯಲಿಂಗಾಸಕ್ತರಲ್ಲಿ ಖಿನ್ನತೆ ಮತ್ತು ಆತಂಕ ಹೆಚ್ಚಾಗಿ ಕಾಣುತ್ತವೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಆದರೆ ಅವು ಬೊಟ್ಟು ಮಾಡುವುದು ಆಕರ್ಷಣೆಯತ್ತ ಅಲ್ಲ, ಪೂರ್ವಗ್ರಹ ಮತ್ತು ಮುಚ್ಚಿಟ್ಟು ಬದುಕುವ ಒತ್ತಡದತ್ತ. ‘ಇದು ವಯಸ್ಸಿನ ಗೊಂದಲ’ ಎಂದು ಮನೆಯವರು, ‘ಯಾವುದಾದರೂ ಒಂದನ್ನು ಆರಿಸಿಕೋ’ ಎಂದು ಸಲಿಂಗಾಸಕ್ತ ಗೆಳೆಯರೂ ಹೇಳಿದಾಗ, ಮನಸ್ಸು ಬಿಚ್ಚಿ ಮಾತನಾಡಲು ಅವರಿಗೆ ಎರಡೂ ಕಡೆ ಜಾಗ ಉಳಿಯುವುದಿಲ್ಲ. ಅಂಥವರನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ಒತ್ತಾಯದಿಂದ ಕೂರಿಸಿದರೆ ಒತ್ತಡ ಇನ್ನೊಂದು ಮನೆಗೂ ಹಬ್ಬುತ್ತದೆ, ಅಷ್ಟೇ.

ಪರಿಶೀಲಿಸುವುದು ಕಷ್ಟವಲ್ಲ. 2022ರಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣ, ಅಂದರೆ ಐಸಿಡಿ-11, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮಾನಸಿಕ ಕಾಯಿಲೆಗಳ 6ನೇ ಅಧ್ಯಾಯದಲ್ಲಿ ಇಂಥ ರೋಗವೇ ಇಲ್ಲ. ಸಮುದಾಯದ ನೈತಿಕ, ಸಾಮಾಜಿಕ ಮೌಲ್ಯಗಳಿಗೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಯಾರನ್ನೂ ಮನೋರೋಗಿ ಎನ್ನಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಸಂದೇಶದಲ್ಲಿ ‘ವಿದೇಶಿ ತಜ್ಞರ ಸಂಶೋಧನೆ’ ಎಂದಿದ್ದರೆ ಅದು ಪ್ರಕಟವಾದ ವರ್ಷ, ಸಂಶೋಧನಾ ಪತ್ರಿಕೆಯ ಹೆಸರು ಹುಡುಕಿ. ಇಂಥ ಸಂದೇಶಗಳಲ್ಲಿ ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಖಿನ್ನತೆಗೆ ಚಿಕಿತ್ಸೆ ಬೇಕಾದವರು ಸರ್ಕಾರದ ಉಚಿತ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು.