ದೇಶದ ಪೈಪೋಟಿಗೊಂದು ಟ್ಯಾಬು

ಆರ್ಥಿಕ ಪೈಪೋಟಿಯಲ್ಲಿ ದೇಶ ಯಾಕೆ ಹಿಂದೆ ಬಿದ್ದಿದೆ ಅಂತ ಕೊನೆಗೂ ಗೊತ್ತಾಗಿದೆ. ನಮ್ಮ ವಿಜಯಪುರ ಜಿಲ್ಲೆಯ ನಾಲ್ಕನೇ ಕ್ಲಾಸಿನ ಮಕ್ಕಳು ಭಾಗಾಕಾರವನ್ನು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿಲ್ಲವಂತೆ. ಇನ್ನು ಟ್ಯಾಬಿನಲ್ಲಿ ಎಐ ಕಲಿಸುತ್ತದೆ. ಒಂದು ಸರ್ಕಾರಿ ಶಾಲೆಯಲ್ಲಿ ಅದರ ಉದ್ಘಾಟನೆಯೂ ಆಯಿತು. ಉದ್ಘಾಟನೆಯ ಭಾಷಣದಲ್ಲಿ ಭಾಗಾಕಾರದಿಂದ ಕೌಶಲಕ್ಕೆ, ಕೌಶಲದಿಂದ ರಫ್ತಿಗೆ ಬರಲು ಎರಡೇ ನಿಮಿಷ ಸಾಕಾಯಿತು. ಉಳಿದ ಹೊತ್ತೆಲ್ಲ ಶಾಲು ಹೊದಿಸಲು ಹೋಯಿತು.

ಸ್ಲೈಡಿನಲ್ಲಿ ಬೆಂಜಮಿನ್ ಬ್ಲೂಮ್ ಇದ್ದರು. ಒಂದು ಮಗುವಿಗೆ ಒಬ್ಬರು ಮಾಸ್ತರು ಕೂತು ಕಲಿಸಿದರೆ ಸಾಧಾರಣ ಮಗುವೂ ಮಾಮೂಲಿ ಕ್ಲಾಸಿನ ನೂರರಲ್ಲಿ 98 ಮಕ್ಕಳನ್ನು ಹಿಂದೆ ಹಾಕುತ್ತದೆ ಎಂದು 1984ರಲ್ಲಿ ಬರೆದ ಅಮೆರಿಕದ ಶಿಕ್ಷಣತಜ್ಞ. ಅವರು ಹೇಳಿದ್ದು ಜೀವಂತ ಮಾಸ್ತರ ಬಗ್ಗೆ. ಆ ಒಂದು ಮಾತಿಗೆ ಸ್ಲೈಡಿನಲ್ಲಿ ಜಾಗ ಸಿಗಲಿಲ್ಲ ಅಂತ ಕಾಣುತ್ತೆ. ಈ ಶಾಲೆಯಲ್ಲಿ ಐದು ಕ್ಲಾಸಿಗೆ ಇಬ್ಬರು ಮಾಸ್ತರು. ಒಬ್ಬರು ಮೊಟ್ಟೆ ಹಂಚಿದ ಲೆಕ್ಕವನ್ನು ಆನ್‌ಲೈನಿಗೆ ಏರಿಸುತ್ತಾ ಕೂತಿರುತ್ತಾರೆ.

ಅಂದ ಹಾಗೆ, ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊದಲೇ ಇದೆ. ನಲಿಕಲಿ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಚಿತ್ರದ ಕಾರ್ಡು, ಕಲಿಕೆಯ ಏಣಿ, ನೆಲದ ಮೇಲೆ ಗುಂಪು ಗುಂಪಾಗಿ ಮಕ್ಕಳು. ಪಾಪ, ಅದಕ್ಕೆ ಚಂದಾನೂ ಇಲ್ಲ, ಚಾರ್ಜರೂ ಇಲ್ಲ. ಅಂಥದ್ದನ್ನು ಉದ್ಘಾಟಿಸೋದಾದರೂ ಹೇಗೆ?

ಭಾಷಣ ಮುಗಿದ ಮೇಲೆ ಒಬ್ಬ ಹುಡುಗಿಯ ಕೈಗೆ ಟ್ಯಾಬ್ ಕೊಟ್ಟರು. 84ನ್ನು 7ರಿಂದ ಭಾಗಿಸು. ‘ಹನ್ನೆರಡು’ ಅಂದವಳೇ ಒತ್ತಿದಳು. ಪರದೆ ಮೇಲೆ ಗೋಲ ತಿರುಗಿತು. ತಿರುಗುತ್ತಲೇ ಇತ್ತು. ‘ಸರ, ನೆಟ್ ಹೋತ್ರಿ’ ಅಂದಳು. ನೆಟ್ ಬರುವಷ್ಟರಲ್ಲಿ ಎಐ ತೀರ್ಪು ಕೊಟ್ಟಾಗಿತ್ತು: ‘ಉತ್ತರಿಸಲು ನೀನು ಹೆಚ್ಚು ಸಮಯ ತೆಗೆದುಕೊಂಡೆ. ಸುಲಭದ ಪಾಠದಿಂದ ಆರಂಭಿಸೋಣ!’ ಎರಡು ಮಾವಿನಹಣ್ಣು ಬಂದವು. ಎಣಿಸಬೇಕಂತೆ. ಟವರಿನ ಆಲಸ್ಯ ಹುಡುಗಿಯ ಖಾತೆಗೆ ಬಿತ್ತು. ಸಭೆ ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿತು.

ದೀಪಾವಳಿ ಹೊತ್ತಿಗೆ ತಾಂಡಾದ ಎಷ್ಟೋ ಮನೆಯವರು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗುತ್ತಾರೆ, ಮಕ್ಕಳನ್ನೂ ಕಟ್ಟಿಕೊಂಡು. ಅಲ್ಲಿಗೂ ಎಐ ಬಿಡಲ್ಲ ಬಿಡಿ. ಕಬ್ಬಿನ ಗದ್ದೆಯಲ್ಲಿ ಅಪ್ಪನ ಫೋನಿಗೆ ಮೆಸೇಜು ಬರುತ್ತೆ: ‘ಎಲ್ಲಿದ್ದೀಯ? ಇವತ್ತು ಐದೇ ನಿಮಿಷ ಕಲಿ!’

ಇನ್ನು ಪೈಪೋಟಿಯ ವಿಷಯ. 15 ವರ್ಷದ ಮಕ್ಕಳಿಗೆ ಪೀಸಾ ಅಂತ ಒಂದು ಅಂತರರಾಷ್ಟ್ರೀಯ ಪರೀಕ್ಷೆ ಇದೆ. 2009ರ ಸುತ್ತಿನಲ್ಲಿ ನಮ್ಮ ಕಡೆಯಿಂದ ತಮಿಳುನಾಡು, ಹಿಮಾಚಲ ಪ್ರದೇಶ ಬರೆದವು. ಬರೆದ 74 ದೇಶ, ಪ್ರದೇಶಗಳ ಪಟ್ಟಿಯಲ್ಲಿ ತಳದ ಸಾಲಿನಲ್ಲಿ ಕೂತವು. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರಕ್ಕೆ ಒಗ್ಗುವುದಿಲ್ಲ ಅಂತ ಕಾರಣ ಕೊಟ್ಟೆವು. 2012, 2015, 2018, 2022, ಒಂದಕ್ಕೂ ಹೋಗಲಿಲ್ಲ. ಹಾಗಾಗಿ ಸೋತೂ ಇಲ್ಲ. ಮತ್ತೆ ಯಾವಾಗಲಾದರೂ ಹೋಗಲೇಬೇಕಾಗಿ ಬಂದರೆ ಮಕ್ಕಳನ್ನು ಬಿಟ್ಟು ಟ್ಯಾಬುಗಳನ್ನೇ ಕಳಿಸಿದರಾಯಿತು. ಪರೀಕ್ಷೆ ನಡೆಯುವ ಕಡೆ ಟವರ್ ಇದೆಯಾ ಅಂತ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.