ತಂಗಳಿಗೆ ಇಟ್ಟ ಹೊಸ ಹೆಸರು

ನಮ್ಮ ಆಫೀಸಿಗೆ ‘ವೆಲ್‌ನೆಸ್ ವೀಕ್’ ಬಂತು. ಹಬ್ಬ ಬಂದ ಹಾಗೇ ಬಂತು. ಲಿಫ್ಟಿನ ಬಾಗಿಲಿಗೆ ಬೆಣ್ಣೆಹಣ್ಣಿನ ಸ್ಟಿಕ್ಕರ್ ಅಂಟಿಸಿದರು. ರಿಸೆಪ್ಷನ್‌ನಲ್ಲಿ ಹಸಿರು ಬಲೂನು ಕಟ್ಟಿದರು. ಆಮೇಲೆ ಎಚ್.ಆರ್. ಕಡೆಯಿಂದ ಮೇಲ್ ಬಂತು. ವಾರಕ್ಕಾಗುವಷ್ಟು ಸಲಾಡನ್ನು ಒಂದೇ ದಿನ ಮಾಡಿಟ್ಟುಕೊಂಡು ದಿನಾ ಡಬ್ಬಿಗೆ ತರುವುದು ಹೇಗೆ ಅಂತ ಕಲಿಸುತ್ತಾರಂತೆ. ಗುರುವಾರ, ಮಧ್ಯಾಹ್ನ ಒಂದರಿಂದ ಎರಡು, ಮೂರನೇ ಮಹಡಿಯ ಟ್ರೇನಿಂಗ್ ಹಾಲ್. ಹಾಜರಿ ಕಡ್ಡಾಯ. ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು: ಹಾಲ್‌ಗೆ ಹೊಸ ಕಾರ್ಪೆಟ್ ಹಾಸಿರುವುದರಿಂದ ಊಟ ತಿಂಡಿ ಒಳಗೆ ತರಬಾರದು.

ಹೀಗಾಗಿ ಮಧ್ಯಾಹ್ನದ ಊಟದ ಮಹತ್ವವನ್ನು ನಾವು ನೂರಿಪ್ಪತ್ತು ಜನ ಊಟ ಬಿಟ್ಟು ಕೇಳಿಸಿಕೊಂಡೆವು.

ಪಾಠ ಮಾಡಲು ಬಂದವರು ಐದು ಗಾಜಿನ ಜಾರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಸೋಮವಾರದಿಂದ ಶುಕ್ರವಾರಕ್ಕೆ ಒಂದೊಂದು. ತಳದಲ್ಲಿ ಡ್ರೆಸ್ಸಿಂಗ್, ಅಂದರೆ ಆಲಿವ್ ಎಣ್ಣೆ, ನಿಂಬೆರಸ, ಉಪ್ಪು. ಅದರ ಮೇಲೆ ಬೇಯಿಸಿದ ಕಡಲೆಕಾಳು, ರಾಜ್ಮಾ. ಎಷ್ಟು ನೆಂದರೂ ಅವಕ್ಕೇನೂ ಆಗುವುದಿಲ್ಲ. ಆಮೇಲೆ ಕ್ಯಾರೆಟ್, ದಪ್ಪ ಮೆಣಸಿನಕಾಯಿ. ಆಮೇಲೆ ಪನೀರ್. ತೀರಾ ಮೇಲೆ ಸೊಪ್ಪು, ಯಾಕೆಂದರೆ ಡ್ರೆಸ್ಸಿಂಗ್ ತಾಕಿದರೆ ಅದು ಬಾಡಿ ಹೋಗುತ್ತದೆ. ತಿನ್ನುವಾಗ ಜಾರ್ ಬೋರಲು ಹಾಕಿ ತಟ್ಟೆಗೆ ಸುರಿದರೆ ಎಲ್ಲ ತಾನೇ ಬೆರೆಯುತ್ತದೆ. “ಭಾನುವಾರ ಎರಡು ಗಂಟೆ ಕೊಟ್ಟರೆ ಸಾಕು” ಎಂದರು. ಭಾನುವಾರದ ಎರಡು ಗಂಟೆಯನ್ನು ನಾವು ಯಾರಿಗೆ ಕೊಡುತ್ತಿದ್ದೇವೆ ಅಂತ ಯಾರೂ ಕೇಳಲಿಲ್ಲ. ಹೊಟ್ಟೆ ಹಸಿದಾಗ ಪ್ರಶ್ನೆ ಹುಟ್ಟುವುದಿಲ್ಲ.

ಉಪಾಯ ಕೆಟ್ಟದ್ದೇನೂ ಅಲ್ಲ, ಅದನ್ನು ಒಪ್ಪಬೇಕು. ಉಪ್ಪು ತಾಕಿದ ತರಕಾರಿ ನೀರು ಬಿಡುತ್ತದೆ. ಕೋಸಂಬರಿ ಮಾಡುವ ಎಲ್ಲರಿಗೂ ಇದು ಗೊತ್ತು. ಹೆಸರುಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ, ತೆಂಗಿನಕಾಯಿ ತುರಿದು, ಸಾಸಿವೆ ಇಂಗಿನ ಒಗ್ಗರಣೆಯನ್ನೂ ಕೊಟ್ಟು ಇಟ್ಟಿರುತ್ತಾರೆ. ಉಪ್ಪು ಮಾತ್ರ ಎಲೆ ಹಾಕಿದ ಮೇಲೆ. ನಮ್ಮಮ್ಮ ನನ್ನ ಸ್ಕೂಲ್ ಡಬ್ಬಿಗೆ ಕೋಸಂಬರಿ ಹಾಕಿದರೆ ಉಪ್ಪನ್ನು ಕಾಗದದ ಪೊಟ್ಟಣದಲ್ಲಿ ಬೇರೆ ಕಟ್ಟಿಕೊಡುತ್ತಿದ್ದಳು. ಮೊಸರನ್ನ ಕಟ್ಟುವುದಾದರೆ ಬೆಳಿಗ್ಗೆ ಅನ್ನಕ್ಕೆ ಹಾಲು ಸುರಿದು ಒಂದೇ ಚಮಚ ಮೊಸರು ಬೆರೆಸುತ್ತಿದ್ದಳು. ಊಟದ ಬೆಲ್ ಹೊಡೆಯುವ ಹೊತ್ತಿಗೆ ಅದು ಹುಳಿಯಾಗದೆ ಸರಿಯಾದ ಹದಕ್ಕೆ ಬಂದಿರುತ್ತಿತ್ತು. ಪಾಪ, ಅವಳ ಹತ್ತಿರ ಸ್ಲೈಡ್ ಇರಲಿಲ್ಲ, ಅಷ್ಟೇ.

ಭಾನುವಾರ ನಾನೂ ಕೂತೆ. ಆ ಜಾರ್‌ಗಳ ಬೆಲೆ ನೋಡಿ ಗಾಬರಿಯಾಗಿ ಅಮ್ಮನನ್ನು ಕೇಳಿದೆ. ಅಟ್ಟದಿಂದ ಹಳೇ ಹಾರ್ಲಿಕ್ಸ್ ಬಾಟಲಿ ಐದು ಇಳಿದವು. ಮೂವತ್ತು ವರ್ಷ ಹುಳಿಪುಡಿ ತುಂಬಿಸಿಕೊಂಡಿದ್ದ ಬಾಟಲಿಗಳು. ಎಷ್ಟು ತೊಳೆದರೂ ಘಮ ಹೋಗಲಿಲ್ಲ. ಆ ವಾರದ ನನ್ನ ಸಲಾಡಿನಲ್ಲಿ ರುಚಿ ಅಂತ ಏನಾದರೂ ಇದ್ದಿದ್ದರೆ ಅದು ಆ ಘಮವೇ.

ಹೆಚ್ಚುತ್ತಾ ಕೂತಿದ್ದವಳನ್ನು ಅಮ್ಮ ಸ್ವಲ್ಪ ಹೊತ್ತು ನೋಡಿದಳು.

“ಇದನ್ನ ಯಾವತ್ತು ತಿನ್ನೋದು?”

“ಇದು ನಾಳೆಗೆ. ಇದು ಮಂಗಳವಾರಕ್ಕೆ. ಇದು ಗುರುವಾರಕ್ಕೆ.”

“ಭಾನುವಾರ ಹೆಚ್ಚಿದ್ದು ಗುರುವಾರಕ್ಕಾ? ನಿನ್ನೆ ರಾತ್ರಿ ಸಾರು ಬಿಸಿ ಮಾಡಿ ಬಡಿಸಿದ್ರೆ ತಂಗಳು ಅಂತ ಮೂಗು ಮುರಿದೆಯಲ್ಲೇ ನೀನು!”

“ಅಮ್ಮಾ, ಅದು ತಂಗಳು. ಇದು ಮೀಲ್ ಪ್ರೆಪ್.”

ಹೌದು ಮತ್ತೆ. ನಮ್ಮಲ್ಲಿ ಫ್ರಿಡ್ಜ್ ಹೊಸದಾಗಿ ಬಂದಾಗ ಹಿರಿಯರು ಅದಕ್ಕೆ ತಂಗಳು ಪೆಟ್ಟಿಗೆ ಅಂತ ಹೆಸರಿಟ್ಟು ನಗಾಡುತ್ತಿದ್ದರು. ಈಗ ಅದೇ ಪೆಟ್ಟಿಗೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಬಿದ್ದರೆ ಚಿತ್ರಾನ್ನ, ಅದನ್ನು ಆಫೀಸಿಗೆ ತರಲು ನಾಚಿಕೆ. ಸೀಸರ್ ಸಲಾಡ್ ತರಲು ಹೆಮ್ಮೆ. ಆ ಸೀಸರ್ ಯಾರೋ ರೋಮಿನ ದೊರೆ ಅಂದುಕೊಂಡಿದ್ದೆ. ಅಲ್ಲ, ಮೆಕ್ಸಿಕೋದ ಟಿಹುವಾನಾ ಊರಿನಲ್ಲಿ ಹೋಟೆಲು ಇಟ್ಟಿದ್ದ ಸೀಸರ್ ಕಾರ್ಡಿನಿ. 1924ರಲ್ಲಿ ಒಂದು ದಿನ ಗಿರಾಕಿಗಳು ಜಾಸ್ತಿಯಾಗಿ, ಅಡುಗೆಮನೆಯಲ್ಲಿ ಉಳಿದಿದ್ದನ್ನೇ ಕಲಸಿ ಕೊಟ್ಟನಂತೆ. ಅಂದರೆ ಅದೂ ಅವನ ಮನೆಯ ಚಿತ್ರಾನ್ನವೇ ತಾನೆ!

ಸೋಮವಾರದ ಬಾಟಲಿ ಚೆನ್ನಾಗಿತ್ತು. ಮಂಗಳವಾರದ್ದು ಪರವಾಗಿಲ್ಲ. ಬುಧವಾರ ಸೌತೆಕಾಯಿ ಮೆತ್ತಗಾಗಿ ಮುಖ ತಿರುಗಿಸಿಕೊಂಡಿತ್ತು. ಗುರುವಾರದ್ದನ್ನು ಬೋರಲು ಹಾಕಿದೆ, ಏನೂ ಬೀಳಲಿಲ್ಲ. ತಳ ತಟ್ಟಿದೆ. ಎಲ್ಲ ಒಟ್ಟಿಗೇ ಬಿತ್ತು, ಬಾಟಲಿಯ ಆಕಾರದಲ್ಲೇ.

ಹೆಚ್ಚಿದ ತರಕಾರಿಯನ್ನು ಐದು ಡಿಗ್ರಿಗಿಂತ ಕೆಳಗೆ ಇಡಬೇಕು, ಮೂರು ನಾಲ್ಕು ದಿನದೊಳಗೆ ಮುಗಿಸಬೇಕು, ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು ಅನ್ನುತ್ತಾರೆ. ಮೊಳಕೆಕಾಳಿದ್ದರಂತೂ ಇನ್ನೂ ಜೋಪಾನ. ಎರಡು ಗಂಟೆ! ಬನಶಂಕರಿಯಲ್ಲಿ ಕ್ಯಾಬ್ ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿಯುವಷ್ಟರಲ್ಲಿ, ಮಳೆ ಬಂದ ದಿನ, ಹೆಸರುಕಾಳಿನ ಮೊಳಕೆ ಎರಡೆಲೆ ಬಿಟ್ಟಿರುತ್ತದೆ. ಹೇಗೋ ಆಫೀಸಿಗೆ ತಲುಪಿಸಿದರೆ ನಮ್ಮ ಮಹಡಿಯ ಮುನ್ನೂರು ಜನಕ್ಕೆ ಒಂದೇ ಫ್ರಿಡ್ಜ್. ಅದರ ಬಾಗಿಲು ಮುಚ್ಚಿರುವುದನ್ನು ನಾನಂತೂ ನೋಡಿಲ್ಲ. ಒಳಗೆ ಯಾರದೋ ದೀಪಾವಳಿಯ ಕಾಜು ಬರ್ಫಿ ಇದೆ. ಯಾವ ವರ್ಷದ ದೀಪಾವಳಿ ಅನ್ನುವುದರ ಮೇಲೆ ಟೀಮಿನಲ್ಲಿ ಎರಡು ಪಂಗಡ.

ಇಷ್ಟರ ಮೇಲೆ ಸ್ಪರ್ಧೆ ಬೇರೆ. ದಿನಾ ನಿಮ್ಮ ಸಲಾಡಿನ ಫೋಟೋ ತೆಗೆದು ಕಂಪನಿಯ ಆ್ಯಪ್‌ಗೆ ಹಾಕಬೇಕು. ಹತ್ತು ಪಾಯಿಂಟ್. ಬಣ್ಣ ಐದಕ್ಕಿಂತ ಜಾಸ್ತಿ ಇದ್ದರೆ ಇನ್ನೈದು. ತಿಂದರೆ ಎಷ್ಟು ಪಾಯಿಂಟ್ ಅಂತ ಎಲ್ಲೂ ಬರೆದಿರಲಿಲ್ಲ. ಎರಡನೇ ದಿನಕ್ಕೇ ನಮ್ಮ ಸಾಲಿನಲ್ಲಿ ಒಂದು ಒಪ್ಪಂದವಾಯಿತು. ಒಬ್ಬರು ಒಳ್ಳೇ ಡಬ್ಬಿ ತಂದರೆ ಸಾಕು, ಅದು ಆರು ಟೇಬಲ್ ಸುತ್ತಿ, ಆರು ಕೋನದಲ್ಲಿ ಫೋಟೋ ಆಗಿ, ಒಡೆಯರ ಹತ್ತಿರ ವಾಪಸು ಬರುತ್ತಿತ್ತು. ದೇವರ ಉತ್ಸವಮೂರ್ತಿಯ ಹಾಗೆ. ಉಳಿದ ಐವರು ನಾಲ್ಕು ಗಂಟೆಗೆ ಕೆಳಗಿಳಿದು ಬೋಂಡಾ ತಿನ್ನುತ್ತಿದ್ದರು. ಸಲಾಡ್ ತಂದವರೂ ಜೊತೆಗೆ ಇರುತ್ತಿದ್ದರು. ಐಸ್‌ಬರ್ಗ್ ಲೆಟ್ಯೂಸಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ ಇರುತ್ತದೆ. ಅದನ್ನು ತಿಂದವರಿಗೆ ನಾಲ್ಕು ಗಂಟೆಗೆ ಹಸಿವಾದರೆ ತಪ್ಪು ಯಾರದು?

ನನ್ನ ಪಕ್ಕದ ಸೀಟಿನವರು ವಿಜಯಪುರದ ಕಡೆಯವರು. ಸ್ಪರ್ಧೆಯ ಬೋರ್ಡಿನಲ್ಲಿ ಮೊದಲ ಬಹುಮಾನ ಪಡೆದ ಫೋಟೋವನ್ನು ಬಹಳ ಹೊತ್ತು ನೋಡಿದರು. ಹಸಿ ಸೊಪ್ಪು, ಹಸಿ ಈರುಳ್ಳಿ, ಸೌತೆಕಾಯಿ, ಮೂಲಂಗಿ, ಮೇಲೆ ಏನೋ ಬೀಜದ ಪುಡಿ.

“ಮೇಡಂ, ಇದಕ್ಕ ಬಹುಮಾನ ಯಾಕ್ರೀ?”

“ಸಲಾಡ್ ಅಲ್ವಾ?”

“ನಮ್ಮ ಕಡೆ ಖಾನಾವಳಿಯೊಳಗ ರೊಟ್ಟಿ ಕೂಡ ಇದನ್ನ ಪುಕ್ಕಟೆ ಕೊಡ್ತಾರ್ರೀ. ಹಸಿ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ, ಸೌತಿಕಾಯಿ. ಮ್ಯಾಲ ಗುರೆಳ್ಳ ಹಿಂಡಿ. ಕೇಳಿದ್ರ ಇನ್ನೊಂದು ಸಲ ತಂದು ಹಾಕ್ತಾರ. ಬಿಲ್ಲಿನ್ಯಾಗ ಬರಂಗಿಲ್ರೀ.”

ಬಿಲ್ಲಿನಲ್ಲಿ ಬರದಿದ್ದಕ್ಕೇ ಅದು ಸಲಾಡ್ ಆಗಲಿಲ್ಲ. ನಮ್ಮ ಆಫೀಸಿಗೆ ಡಬ್ಬಿ ತಂದುಕೊಡುವ ಒಂದು ಆ್ಯಪ್‌ನಲ್ಲಿ ಕೋಸಂಬರಿ ಸಿಗುತ್ತದೆ. ಅದನ್ನು ಹುಡುಕಲು ಕೋಸಂಬರಿ ಅಂತ ಟೈಪ್ ಮಾಡಬಾರದು, ‘ಮೂಂಗ್ ಪ್ರೋಟೀನ್ ಬೌಲ್ ವಿತ್ ಕೊಕೊನಟ್’ ಅನ್ನಬೇಕು. ಮುನ್ನೂರ ನಲವತ್ತೊಂಬತ್ತು ರೂಪಾಯಿ, ಡೆಲಿವರಿ ಬೇರೆ. ಇದೇ ಊರಿನ ಬೀದಿಗಳಲ್ಲಿ ರಾಮನವಮಿಯ ದಿನ ಪೆಂಡಾಲ್ ಹಾಕಿ, ಹೋಗುವವರನ್ನು ಕರೆಕರೆದು, ಪಾನಕ ಮಜ್ಜಿಗೆಯ ಜೊತೆ ದೊನ್ನೆ ತುಂಬ ಕೋಸಂಬರಿ ಕೊಡುತ್ತಾರೆ. ಆವತ್ತು ಯಾರೂ ಪ್ರೋಟೀನ್ ಎಷ್ಟು ಅಂತ ಕೇಳುವುದಿಲ್ಲ. ಕೇಳಿದರೆ ಹೇಳಬಹುದಿತ್ತು. ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ. ಬೊಲಿವಿಯಾ, ಪೆರುವಿನ ಬೆಟ್ಟಗಳಿಂದ ಬಂದು ನಮ್ಮ ಜಾರ್‌ಗಳಲ್ಲಿ ಕುಳಿತಿರುವ ಕಿನೋವಾ ಅನ್ನುವ ಕಾಳಿನಲ್ಲಿ ಸುಮಾರು 14. ಕಿನೋವಾದ ಮೇಲೆ ನನಗೇನೂ ಸಿಟ್ಟಿಲ್ಲ. ಆ ಬೆಟ್ಟದ ಜನ ಅದನ್ನು ಸಾವಿರಾರು ವರ್ಷದಿಂದ ಊಟ ಅಂತ ತಿನ್ನುತ್ತಿದ್ದಾರೆ. ಅವರು ಅದರ ಫೋಟೋಗೆ ಪಾಯಿಂಟ್ ಕೊಡುತ್ತಿದ್ದರು ಅಂತ ಮಾತ್ರ ನನಗೆ ಅನಿಸುವುದಿಲ್ಲ.

ಸಲಾಡೇ ಯಾಕೆ ಅಂತ ನನಗೆ ಹೊಳೆದದ್ದು ಎರಡನೇ ವಾರ. ಅನ್ನ ಹುಳಿ ಊಟ ಮಾಡಿದರೆ ಕೈ ತೊಳೆಯಬೇಕು. ಕೈ ತೊಳೆಯಲು ಏಳಬೇಕು. ಎದ್ದು ಹೋದರೆ ಲ್ಯಾಪ್‌ಟಾಪಿನಲ್ಲಿ ನಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಯಾಗುತ್ತದೆ. ಹಳದಿಯಾದರೆ ಬೇಕಾದವರು ನೋಡುತ್ತಾರೆ. ಸಲಾಡಿಗೆ ಒಂದು ಫೋರ್ಕ್ ಸಾಕು. ಎಡಗೈ ಡಬ್ಬಿಗೆ, ಬಲಗೈ ಮೌಸಿಗೆ. ಬಿಸಿ ಮಾಡಬೇಕಿಲ್ಲ, ಬಡಿಸಬೇಕಿಲ್ಲ, ಪಕ್ಕದವರಿಗೆ ಇಷ್ಟು ಹಾಕಿಕೊಳ್ಳಿ ಅನ್ನಬೇಕಿಲ್ಲ. ಬದನೆಕಾಯಿ ಪಲ್ಯ ತಂದವರ ಸುತ್ತ ನಾಲ್ಕು ಜನ ಸೇರುತ್ತಾರೆ, ಮಾತು ಬೆಳೆಯುತ್ತದೆ. ಲೆಟ್ಯೂಸ್ ತಂದವರ ಡಬ್ಬಿಗೆ ಯಾರೂ ಕೈ ಹಾಕುವುದಿಲ್ಲ.

ನಮ್ಮಪ್ಪ ಕಾರ್ಖಾನೆಯಲ್ಲಿದ್ದರು. ಊಟದ ಹೊತ್ತಿಗೆ ಸೈರನ್ ಕೂಗಿದರೆ ಮೆಷಿನ್ ನಿಲ್ಲುತ್ತಿತ್ತು. ಕ್ಯಾಂಟೀನಿನಲ್ಲಿ ಬಿಸಿ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. 250ಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಾರ್ಖಾನೆಗೆ ಕ್ಯಾಂಟೀನ್ ಇರಬೇಕೆಂದು ನಿಯಮ ಮಾಡಲು 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಜಾಗ ಇತ್ತು. ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಅಂತಲೂ ಇತ್ತು. ನಮ್ಮಂಥ ಅಂಗಡಿ, ಆಫೀಸಿನವರಿಗೆ ಕರ್ನಾಟಕದ 1961ರ ಕಾಯ್ದೆ ಇನ್ನೂ ಧಾರಾಳ, ಒಂದು ಗಂಟೆ ಬಿಡುವು. ಅಪ್ಪನ ಕಂಪನಿ ಅವರಿಗೆ ಊಟ ಕೊಟ್ಟಿತು. ನಮ್ಮ ಕಂಪನಿ ಊಟದ ಬಗ್ಗೆ ತರಬೇತಿ ಕೊಟ್ಟಿತು. ಅದೂ ಆ ಒಂದು ಗಂಟೆಯಲ್ಲೇ.

ವಾರ ಮುಗಿದ ಮೇಲೆ ಅಭಿಪ್ರಾಯ ಕೇಳಿ ಒಂದು ಫಾರಂ ಬಂತು. ‘ನೀವು ಊಟಕ್ಕೆ ಎಷ್ಟು ಸಮಯ ತೆಗೆದುಕೊಳ್ಳುತ್ತೀರಿ?’ ಅಂತ ಒಂದು ಪ್ರಶ್ನೆ. ಕೆಳಗೆ ಮೂರೇ ಉತ್ತರ: 5 ನಿಮಿಷ, 10 ನಿಮಿಷ, 15 ನಿಮಿಷ. ನಾನು 15 ಒತ್ತಿದೆ. ಕೂಡಲೇ ಪರದೆಯ ಮೇಲೆ ಒಂದು ಸಲಹೆ ಮೂಡಿತು: ತರಕಾರಿಯನ್ನು ಇನ್ನೂ ಸಣ್ಣಗೆ ಹೆಚ್ಚಿದರೆ ಅಗಿಯುವ ಸಮಯ ಉಳಿಯುತ್ತದೆ.

ಆಮೇಲಿನ ಸೋಮವಾರ ಮಧ್ಯಾಹ್ನ ಒಂದಕ್ಕೆ ಮೀಟಿಂಗ್ ಇಟ್ಟರು. ನಾನು ಕ್ಯಾಮೆರಾ ಆಫ್ ಮಾಡಿ, ಮೈಕ್ ಆಫ್ ಆಗಿದೆ ಅಂದುಕೊಂಡು, ಮೂಲಂಗಿ ಕಡಿದೆ. “ಯಾರೋ ಪ್ರಿಂಟರ್ ಹತ್ತಿರ ಇದ್ದೀರಾ? ಸ್ವಲ್ಪ ಮ್ಯೂಟ್ ಮಾಡ್ಕೊಳ್ಳಿ” ಎಂದರು ಮ್ಯಾನೇಜರ್. ಪಕ್ಕಕ್ಕೆ ನೋಡಿದರೆ ವಿಜಯಪುರದವರ ಸೀಟು ಖಾಲಿ. ಅವರ ಕ್ಯಾಲೆಂಡರ್ ತೆರೆದೆ. ದಿನಾ ಒಂದರಿಂದ ಎರಡರವರೆಗೆ ನೀಲಿ ಪಟ್ಟಿ. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಆರ್, ಓ, ಟಿ, ಟಿ, ಐ.

ಎರಡು ಗಂಟೆಗೆ ಬಂದರು. ಅಂಗಿಯ ತೋಳು ಇನ್ನೂ ಮಡಿಸಿಯೇ ಇತ್ತು, ಕೈಯಲ್ಲಿ ಬೆಳ್ಳುಳ್ಳಿಯ ವಾಸನೆ.

“ಮ್ಯಾನೇಜರ್ ಏನೂ ಕೇಳಲಿಲ್ವಾ?” ಎಂದೆ.

“ಕೇಳಿದ್ರ್ರೀ. ರೊಟ್ಟಿ ಅಂದ್ರ ಯಾವ ಕ್ಲೈಂಟು ಅಂದ್ರು. ಹಳೇ ಕ್ಲೈಂಟ್ ಸರ್, ಉತ್ತರ ಕರ್ನಾಟಕದ್ದು, ದಿನಾ ಕಾಲ್ ಇರ್ತದ ಅಂದೆ. ಭಾಳ ಖುಷಿ ಆದ್ರು. ಟೀಮಿಗೆ ಇನ್ನೂ ಮಂದಿ ಬೇಕೇನು ಅಂತ ಕೇಳ್ಯಾರ.”

ನಾನು ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ಹಾಕಿ, ಆ ನೀಲಿ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಿದೆ. ಸಂಜೆಯೊಳಗೆ ಇನ್ನೂ ನಾಲ್ಕು ಹೆಸರು ಸೇರಿದ್ದವು. ನಾಲ್ಕನೆಯದು ಎಚ್.ಆರ್. ಅವರದು.